ಹೈಸ್ಕೂಲ್ ಸ್ಕೌಟ್ಸ್: ಹುಡುಗರು, ಹುಡುಗಿಯರು ಒಂದೇ ಟ್ರೂಪಿನಲ್ಲಿ ಇರಬಹುದಾ?

ಕುಷ್ಟಗಿ_ಪಿಇಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ವಿಷಯ. 8 ಮತ್ತು 9ನೇ ತರಗತಿಯಿಂದ ಹೆಸರು ಕೊಟ್ಟವರು 22 ಹುಡುಗರು, 13 ಹುಡುಗಿಯರು. ಬೇಸಿಕ್ ಕೋರ್ಸ್ ಆದ ಸ್ಕೌಟ್ ಮಾಸ್ಟರ್ ಒಬ್ಬರಿದ್ದಾರೆ. ಗೈಡ್ ಕ್ಯಾಪ್ಟನ್ ಇಲ್ಲ. ಶಿಕ್ಷಕಿಯರು ಮೂವರಿದ್ದರೂ ತರಬೇತಿ ಯಾರಿಗೂ ಆಗಿಲ್ಲ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎರಡು ಮಾತು ಬಂದವು. ಒಂದು ಕಡೆಯವರು, "ಒಂದೇ ಕ್ಲಾಸಿನಲ್ಲಿ ಕೂಡ್ತಾರ, ಒಂದೇ ಸಾಲಿನ್ಯಾಗ ಬಿಸಿಯೂಟ ಮಾಡ್ತಾರ, ಇದಕ್ಕ್ಯಾಕ ಬ್ಯಾರೆ ಬ್ಯಾರೆ? ಇಂಗ್ಲೆಂಡು, ಅಮೆರಿಕಾದಾಗ ಎಲ್ಲಾ ಕೂಡೇ ಐತಿ" ಅಂದರು. ಇನ್ನೊಂದು ಕಡೆಯವರದು, "ಕೂಡಿಸಿದ್ರ ನಮ್ಮ ಹುಡುಗೀನ ಕಳಸಂಗಿಲ್ಲ" ಎಂಬ ಖಡಾಖಂಡಿತ ಮಾತು.

ತಿಳಿಯಬೇಕಾದ್ದು ಇಷ್ಟು: 35 ಮಕ್ಕಳನ್ನೂ ಒಂದೇ ಟ್ರೂಪ್ ಅಂತ ನೋಂದಾಯಿಸಬಹುದಾ? ಬರುವುದಿಲ್ಲ ಅಂದರೆ ವಾರದ ಸಭೆ, ಹೈಕ್ (ಕಾಲ್ನಡಿಗೆಯ ಹೊರಸಂಚಾರ), ಶಿಬಿರ ಇವುಗಳಲ್ಲಿ ಎಲ್ಲಿ ಕೂಡಿಸಬೇಕು, ಎಲ್ಲಿ ಬೇರೆ ಮಾಡಬೇಕು? ತತ್ವದ ಚರ್ಚೆಗಿಂತ ಹೇಗೆ ನಡೆಸಬೇಕು ಅಂತ ಬಲ್ಲವರು ಬರೆದರೆ ಉಪಕಾರ.

---

ಬಳ್ಳಾರಿ_ಲಾಗ್‌ಬುಕ್:

ಸರ್, ನೋಂದಣಿಯ ಪ್ರಶ್ನೆಗೆ ನೇರ ಉತ್ತರ: ಬರುವುದಿಲ್ಲ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಒಂದೇ ಸಂಸ್ಥೆಯಾದರೂ ಒಳಗೆ ಎರಡು ವಿಭಾಗ. 10 ವರ್ಷ ದಾಟಿದ ಹುಡುಗರದು ಸ್ಕೌಟ್ ಟ್ರೂಪ್, ಅದಕ್ಕೆ ಸ್ಕೌಟ್ ಮಾಸ್ಟರ್. ಹುಡುಗಿಯರದು ಗೈಡ್ ಕಂಪನಿ, ಅದಕ್ಕೆ ಗೈಡ್ ಕ್ಯಾಪ್ಟನ್, ಅವರು ಮಹಿಳೆಯೇ ಆಗಿರಬೇಕು. ಚಿಕ್ಕವರಲ್ಲಿ ಕಬ್ ಮತ್ತು ಬುಲ್‌ಬುಲ್, ದೊಡ್ಡವರಲ್ಲಿ ರೋವರ್ ಮತ್ತು ರೇಂಜರ್, ಅಲ್ಲೂ ಇದೇ ಜೋಡಿ. ಅಂಗನವಾಡಿ ವಯಸ್ಸಿನ ಬನ್ನಿಗಳಲ್ಲಿ ಮಾತ್ರ ಗಂಡು ಹೆಣ್ಣು ಕೂಡಿಯೇ ಇರುತ್ತವೆ.

ಹುಡುಗಿಯರ ಹೆಸರನ್ನು ಟ್ರೂಪಿನ ಪಟ್ಟಿಗೇ ಸೇರಿಸಿ ನಡೆಸಿಬಿಡುವ ಶಾಲೆಗಳಿವೆ. ಮೊದಲ ವರ್ಷ ಏನೂ ತೊಂದರೆ ಕಾಣುವುದಿಲ್ಲ. ಸೋಪಾನ ಪರೀಕ್ಷೆ ದಾಟಿ ರಾಜ್ಯ ಪುರಸ್ಕಾರದ ಅರ್ಜಿ ಹಾಕುವಾಗ ಕಂಪನಿಯ ನೋಂದಣಿ, ಕ್ಯಾಪ್ಟನ್ ಸಹಿ, ಲಾಗ್‌ಬುಕ್ ಕೇಳುತ್ತಾರೆ. ಅಷ್ಟರಲ್ಲಿ ಮಗು ಎಸ್ಸೆಸ್ಸೆಲ್ಸಿಗೆ ಬಂದಿರುತ್ತದೆ. ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಪ್ರತಿಯೊಂದಕ್ಕೂ ತಿಂಗಳುಗಟ್ಟಲೆ ಕನಿಷ್ಠ ಅವಧಿ ಇದೆ. ಹಿಂದಿನ ತಾರೀಖು ಹಾಕಿ ತುಂಬಿಸುವ ಹಾಗಿಲ್ಲ. ನಷ್ಟವೆಲ್ಲ ಹುಡುಗಿಯರಿಗೆ.

ಆದ್ದರಿಂದ ಈ ವಾರವೇ ಮೂವರು ಶಿಕ್ಷಕಿಯರಲ್ಲಿ ಒಬ್ಬರನ್ನು ಒಪ್ಪಿಸಿ. ಜಿಲ್ಲಾ ಸಂಸ್ಥೆ ಆಗಾಗ ನಡೆಸುವ ಒಂದು ದಿನದ ಬಿಗಿನರ್ಸ್ ಕೋರ್ಸಿಗೆ ಮೊದಲು ಕಳುಹಿಸಿ, ಆಮೇಲೆ 7 ದಿನದ ಬೇಸಿಕ್. ಎರಡೂ ಘಟಕ ಒಂದೇ ಗ್ರೂಪಿನ ಕೆಳಗೆ ಬಂದರೆ ಲೆಕ್ಕ, ಸಾಮಾನು, ಧ್ವಜಸ್ತಂಭ ಎಲ್ಲ ಸಾಮಾನ್ಯ. ಹೆಡ್ ಮಾಸ್ತರರಿಗೂ ಎರಡು ಕಡತ ನೋಡುವ ತಲೆನೋವು ಇರುವುದಿಲ್ಲ.

ಸಂಖ್ಯೆ ನಿಮಗೆ ಚೆನ್ನಾಗಿ ಹೊಂದುತ್ತದೆ. ಒಂದು ಪೆಟ್ರೋಲಿಗೆ, ಅಂದರೆ ಘಟಕದೊಳಗಿನ ಚಿಕ್ಕ ತಂಡಕ್ಕೆ, 6ರಿಂದ 8 ಮಕ್ಕಳು. 22 ಹುಡುಗರಿಗೆ 7, 7, 8ರ ಮೂರು ಪೆಟ್ರೋಲ್. 13 ಹುಡುಗಿಯರಿಗೆ 6, 7ರ ಎರಡು. ಐದೂ ಒಂದೇ ಮೈದಾನದಲ್ಲಿ, ಒಂದೇ ಹೊತ್ತಿನಲ್ಲಿ ಸೇರಲಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ 90 ನಿಮಿಷ ಸಾಕು. ಧ್ವಜ, ಪ್ರಾರ್ಥನೆ, ತಪಾಸಣೆ 10 ನಿಮಿಷ, ಒಂದು ಆಟ 10 ನಿಮಿಷ, ಇವು ಕೂಡಿ. ಪೆಟ್ರೋಲ್ ಕಾರ್ನರ್ 25 ನಿಮಿಷ, ಅವರವರ ಮೂಲೆಯಲ್ಲಿ. ಹೊಸ ಕೌಶಲ 25 ನಿಮಿಷ, ಇದು ಮತ್ತೆ ಕೂಡಿ. ಗಂಟು, ಪ್ರಥಮ ಚಿಕಿತ್ಸೆ, ದಿಕ್ಸೂಚಿ, ಅಂದಾಜು ಮಾಡುವುದು ಇವನ್ನು ಇಬ್ಬರಿಗೂ ಬೇರೆ ಬೇರೆ ಕಲಿಸುವುದು ಬರೀ ವ್ಯರ್ಥ ಶ್ರಮ. ಕೊನೆಗೆ ಒಂದು ಆಟ, ಸೂಚನೆ, ಧ್ವಜಾವತರಣ. ತಿಂಗಳಿಗೊಮ್ಮೆ ನಡೆಯುವ ಕೋರ್ಟ್ ಆಫ್ ಆನರ್ (ಪೆಟ್ರೋಲ್ ಲೀಡರುಗಳ ಸಭೆ) ಮಾತ್ರ ಎರಡೂ ಘಟಕಕ್ಕೆ ಪ್ರತ್ಯೇಕ ಇರಲಿ.

ಹೀಗೆ ಪಕ್ಕಪಕ್ಕದಲ್ಲಿ ನಡೆಸುವಾಗ ಕೆಡುವುದು ಸಾಮಾನು ಹಂಚುವಲ್ಲಿ. ಹಗ್ಗ, ಲಾಠಿ ಮೊದಲು ಟ್ರೂಪಿಗೆ ಹೋಗಿ, ಸವೆದ ತುಂಡು ಕಂಪನಿಗೆ ಬರುತ್ತವೆ. ಐದು ಪೆಟ್ರೋಲಿಗೆ ಐದು ಚೀಲ ಮಾಡಿ: ಮಗುವಿಗೆ ಒಂದರಂತೆ 3 ಮೀಟರಿನ ಗಂಟು ಹಗ್ಗ, ಲ್ಯಾಶಿಂಗಿಗೆ (ಕೋಲುಗಳನ್ನು ಬಿಗಿದು ಕಟ್ಟಲು) 4 ಮೀಟರಿನ ಆರು ಹಗ್ಗ, ಒಂದೊಂದು ಲಾಠಿ, ತ್ರಿಕೋನ ಬ್ಯಾಂಡೇಜ್ ನಾಲ್ಕು. ಚೀಲದ ಮೇಲೆ ಪೆಟ್ರೋಲ್ ಹೆಸರು ಬರೆದು ಬೀಗದ ಕೈಯನ್ನು ಆ ಪೆಟ್ರೋಲಿನ ಕ್ವಾರ್ಟರ್ ಮಾಸ್ಟರ್ (ಸಾಮಾನು ನೋಡಿಕೊಳ್ಳುವ ಮಗು) ಕೈಗೆ ಕೊಡಿ. ಹಂಚುವ ಹೊತ್ತಿನ ಜಗಳ ಅಲ್ಲಿಗೇ ನಿಲ್ಲುತ್ತದೆ.

---

ಸಿರುಗುಪ್ಪ_ರೋವರ್:

ಮೇಲಿನ ಸರ್ ಹೇಳಿದ ನಿಯಮ ಸರಿ. ಆದ್ರೆ ನಿಯಮ ಐತೆ ಅಂತ ಅದೇ ಒಳ್ಳೇದು ಅನ್ನಂಗಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ರ್‍ಯಾಲಿಗೆ ಹುಡುಗೀರು ತಾವೇ ಸ್ಕೌಟ್ ಅಂತ ಬಂದು ನಿಂತಿದ್ರು. ಅವರನ್ನ ಒಳಗೆ ತಗೊಳ್ಳೋ ಬದಲು ಮರುವರ್ಷ ಗೈಡ್ಸ್ ಅಂತ ಬೇರೆ ಮಾಡಿ, ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ತನ್ನ ತಂಗಿ ಆಗ್ನೆಸ್ ಕೈಗೆ ಕೊಟ್ರು. ಆ ಕಾಲದ ಅಂಜಿಕೆಯನ್ನ ನಾವು ಇನ್ನೂ ಹೊತ್ಕೊಂಡು ತಿರುಗ್ತಿದೀವಿ. ಬ್ರಿಟನ್ನಿನವರೇ 2007ಕ್ಕೆ ಎಲ್ಲಾ ವಿಭಾಗದಲ್ಲೂ ಹುಡುಗೀರನ್ನ ಸೇರಿಸ್ಕೊಳ್ಳೋದು ಕಡ್ಡಾಯ ಮಾಡಿದ್ರು.

ಬೇರೆ ಇಟ್ಟರೆ ಏನಾಗುತ್ತೆ ನೋಡಿ. ತಾಲ್ಲೂಕು ಮೇಳ ಅಂದ್ರೆ ಟ್ರೂಪಿಗೆ ಕೋಲು, ಹಗ್ಗದಿಂದ ಪಯೋನಿಯರಿಂಗ್ ಗೇಟ್ ಕಟ್ಟೋ ಕೆಲಸ, ಕಂಪನಿಗೆ ರಂಗೋಲಿ, ಆರತಿ ತಟ್ಟೆ, ಅತಿಥಿಗಳಿಗೆ ಹೂವು. ಸಿಲಬಸ್‌ನಲ್ಲಿ ಇಬ್ಬರಿಗೂ ಲ್ಯಾಶಿಂಗ್ ಐತೆ, ಇಬ್ಬರಿಗೂ ಅಡುಗೆ ಐತೆ. ಮೈದಾನದಲ್ಲಿ ಮಾತ್ರ ಹಂಚಿಕೆ ಬೇರೆ. ಒಂದೇ ಪೆಟ್ರೋಲಿನಲ್ಲಿ ನಾಲ್ಕು ಹುಡುಗರು, ನಾಲ್ಕು ಹುಡುಗೀರು ಹಾಕಿ, ಲೀಡರ್ ಹುಡುಗ ಆದ್ರೆ ಸೆಕೆಂಡ್ ಹುಡುಗಿ, ಮುಂದಿನ ಅವಧಿಗೆ ಅದಲು ಬದಲು. ಕೆಲಸ ತಾನೇ ಸಮ ಆಗುತ್ತೆ.

---

ರಾಯಚೂರು_ಕ್ಯಾಪ್ಟನ್:

ರೋವರ್ ಅವ್ರೆ, ರಂಗೋಲಿ ಮಾತು ಖರೇ ಅದ, ಅದಕ್ಕ ನನ್ನ ಸಹಿನೂ ಹಾಕ್ರಿ. ಔಷಧ ಮಾತ್ರ ಒಪ್ಪಂಗಿಲ್ಲ.

ನಾಲ್ಕು ನಾಲ್ಕು ಅಂದ್ರಿ. ಇಲ್ಲಿ ಇರೋರು 22 ಮತ್ತ 13. ಐದು ಪೆಟ್ರೋಲಿಗೆ ಹಂಚಿದ್ರ ಒಂದೊಂದರಾಗ ಇಬ್ಬರು ಮೂವರು ಹುಡುಗ್ಯಾರು, ನಾಲ್ಕೈದು ಹುಡುಗ್ರು. ಲೀಡರ್ ಆರಿಸೋದು ಮಕ್ಕಳ ಕೈ ಎತ್ತಿಸಿ. ಗೆಲ್ಲೋರು ಯಾರು? ಇಬ್ಬರು ಹುಡುಗ್ಯಾರ ಪೈಕಿ ಒಬ್ಬಾಕಿ ಆವತ್ತು ಬರಲಿಲ್ಲ ಅಂದ್ರ ಉಳಿದಾಕಿ ಒಬ್ಬಾಕೆ, ಮುಂದಿನ ವಾರ ಆಕಿನೂ ಬರಂಗಿಲ್ಲ. ಹುಡುಗ್ಯಾರದೇ ಪೆಟ್ರೋಲ್ ಇದ್ರ ಲೀಡರ್, ಸೆಕೆಂಡ್, ಕ್ವಾರ್ಟರ್ ಮಾಸ್ಟರ್, ಲಾಗ್ ಬರಿಯಾಕಿ ಎಲ್ಲಾ ಅವರೇ. ಗೇಟ್ ಕಟ್ಟಬೇಕಂದ್ರ ಅವರೇ ಕಟ್ಟಬೇಕು, ಬಿದ್ರ ಅವರದೇ ತಲಿ ಮ್ಯಾಲ. ನಾಯಕತ್ವ ಕಲಿಯೋದು ಹಂಗ.

ಇನ್ನ 12–13ರ ವಯಸ್ಸು. ಬಹಳಷ್ಟು ಹುಡುಗ್ಯಾರು ಆ ವಯಸ್ಸಿಗೆ ಹುಡುಗರಕಿಂತ ಎತ್ತರ ಇರ್ತಾರ, ಎರಡು ವರ್ಷದಾಗ ಹುಡುಗ್ರು ದಾಟಿ ಹೋಗ್ತಾರ. ಅದಕ್ಕ ಹಗ್ಗ ಜಗ್ಗೋದು, ಕಬಡ್ಡಿ, ಹೆಗಲ ಮ್ಯಾಲೆ ಹೊರೋ ಆಟ ಕೂಡಿಸಬ್ಯಾಡ್ರಿ. ಕಿಮ್ಸ್ ಗೇಮ್ (ನೋಡಿದ ಸಾಮಾನು ನೆನಪಿಟ್ಟು ಹೇಳೋ ಆಟ), ಜಾಡು ಹಿಡಿಯೋದು, ಗಂಟಿನ ರಿಲೇ, ಸಿಗ್ನಲಿಂಗ್ ಇಂಥಾವು ಕೂಡಿಸಿದ್ರ ಭಾಳ ಚಂದ ನಡೀತಾವ. ಸ್ಟ್ರೆಚರ್ ಕಟ್ಟಿ ಎತ್ತೋ ಅಭ್ಯಾಸ ಪೆಟ್ರೋಲ್ ಒಳಗೇ ಇರಲಿ. ಪ್ರಥಮ ಚಿಕಿತ್ಸೆ ಕಲಿಸುವಾಗ ಎದಿ, ತೊಡಿ, ಸೊಂಟದ ಬ್ಯಾಂಡೇಜ್ ಹುಡುಗ್ಯಾರು ಹುಡುಗ್ಯಾರ ಮ್ಯಾಲೇ ಕಟ್ಟಲಿ, ಹುಡುಗ್ರು ಹುಡುಗ್ರ ಮ್ಯಾಲೆ. ಇದನ್ನ ಮೊದಲ ದಿನಾನೇ ಹೇಳಿಬಿಟ್ರ ಗುಸುಗುಸು ಇರಂಗಿಲ್ಲ.

"ಕಳಸಂಗಿಲ್ಲ" ಅನ್ನೋ ತಾಯಿ ತಂದಿ ಬಗ್ಗೆ. ಅವರ ಅಂಜಿಕೆ ಅರ್ಧ ಹುಡುಗರದು, ಅರ್ಧ ಹೊತ್ತಿನದು ಮತ್ತ ದಾರೀದು. "ಎಷ್ಟು ಗಂಟೆಗೆ ಬಿಡ್ತೀರಿ, ಯಾವ ಬಸ್ಸಿಗೆ ಹತ್ತಸ್ತೀರಿ, ಜೊತಿಗೆ ಯಾವ ಅಕ್ಕೋರು ಇರ್ತಾರ" ಈ ಮೂರಕ್ಕ ಚೀಟಿ ಮ್ಯಾಲೆ ಉತ್ತರ ಬರ್‍ದು ಮನಿಗೆ ಕಳಿಸ್ರಿ, ಸಹಿ ತರಿಸ್ರಿ. ಸಭೆ ಮುಗಿಯೋ ಹೊತ್ತು ನಿಮ್ಮೂರ ಬಸ್ಸಿಗೆ ಹೊಂದಿಸ್ರಿ, ಬಸ್ಸು ನಿಮ್ಮ ಸಭೆಗೆ ಹೊಂದಂಗಿಲ್ಲ. ಕಂಪನಿ ಬ್ಯಾರೆ ಅದ, ಅಕ್ಕೋರು ಅದಾರ ಅಂದ ಕೂಡಲೇ ಒಪ್ಪೋರು ಭಾಳ ಮಂದಿ. ಕೂಡಿಸೋ ಹಟ ಹಿಡಿದು 13ರಾಗ 6 ಉಳಿಸಿಕೊಂಡ್ರ ಏನು ಸಮಾನತೆ ಬಂತು?

ಎರಡು ಸಣ್ಣ ಮಾತು. ದುಪಟ್ಟಾ ಒಲಿ ಹತ್ರ, ಲ್ಯಾಶಿಂಗ್ ಹತ್ರ ಸೊಂಟಕ್ಕ ಬಿಗಿದು ಕಟ್ಟಿರಬೇಕು. ಗಾಳಿಗೆ ಹಾರಿ ಬೆಂಕಿ ಹಿಡಿಯೋದು ಅದೇ. ಇನ್ನ ಕಂಪನಿ ಚೀಲದಾಗ ಪ್ಯಾಡ್, ಹಳೇ ಪೇಪರ್, ಒಂದು ಸೋಪು ಯಾವಾಗ್ಲೂ ಇರಲಿ. ಕೀ ಲೀಡರ್ ಹುಡುಗಿ ಹತ್ರ. ಕೇಳಿ ಇಸ್ಕೊಳ್ಳೋ ಪರಿಸ್ಥಿತಿ ತರಬ್ಯಾಡ್ರಿ, ಅದೂ ಪುರುಷ ಮಾಸ್ತರ ಹತ್ರ.

---

ಬಳ್ಳಾರಿ_ಲಾಗ್‌ಬುಕ್:

ಇಂಗ್ಲೆಂಡು, ಅಮೆರಿಕದ ಮಾತಿಗೆ ಎಸ್‌ಡಿಎಂಸಿಯವರಿಗೆ ಪೂರ್ತಿ ಚಿತ್ರ ಕೊಡಿ. ಬ್ರಿಟನ್ ಒಮ್ಮೆಲೇ ಕೂಡಿಸಲಿಲ್ಲ. 1976ರಲ್ಲಿ ದೊಡ್ಡ ವಯಸ್ಸಿನ ವೆಂಚರ್ ಸ್ಕೌಟ್ಸ್‌ಗೆ ಮೊದಲು, 1991ರಲ್ಲಿ ಬೇಕಾದ ಗುಂಪುಗಳಿಗೆ ಉಳಿದ ವಿಭಾಗಗಳಲ್ಲೂ ಅವಕಾಶ, 2007ಕ್ಕೆ ಕಡ್ಡಾಯ. ಮೂವತ್ತು ವರ್ಷದ ದಾರಿ ಅದು. ಅಲ್ಲಿ ಗರ್ಲ್‌ಗೈಡಿಂಗ್ ಇಂದಿಗೂ ಹುಡುಗಿಯರಿಗೆ ಮಾತ್ರ, ಯಾರಿಗೆ ಯಾವುದು ಬೇಕೋ ಅದು. ಅಮೆರಿಕದ ಬಾಯ್ ಸ್ಕೌಟ್ಸ್ 2018ರಲ್ಲಿ ಕಬ್ ಹಂತಕ್ಕೆ, 2019ರ ಫೆಬ್ರವರಿಯಿಂದ ಮುಂದಿನ ಹಂತಕ್ಕೆ ಹುಡುಗಿಯರನ್ನು ಸೇರಿಸಿಕೊಂಡಿತು. ಹಾಗೆ ಸೇರಿಸಿಕೊಂಡಾಗಲೂ ಟ್ರೂಪುಗಳು ಪ್ರತ್ಯೇಕ ಇದ್ದವು. ಹುಡುಗರ ಟ್ರೂಪಿನ ಜೊತೆ ಹುಡುಗಿಯರ ಟ್ರೂಪು ಜೋಡಿಯಾಗಿ ನಡೆಯುವ ಏರ್ಪಾಡು ಆಗ ಇತ್ತು. ಗರ್ಲ್ ಸ್ಕೌಟ್ಸ್ ಅಲ್ಲಿಯೂ ಬೇರೆಯೇ ಇದೆ.

ನಮ್ಮಲ್ಲಿ 1950ರ ನವೆಂಬರ್ 7ರಂದು ಸ್ಕೌಟ್ ಸಂಘಟನೆಗಳು ಒಂದಾದವು, 1951ರ ಆಗಸ್ಟ್ 15ಕ್ಕೆ ಗೈಡ್ಸ್ ಸೇರಿತು. ಪ್ರತಿಜ್ಞೆ ಒಂದೇ, ಒಂಬತ್ತು ನಿಯಮ ಒಂದೇ. ಒಂದೇ ಸೂರು, ಎರಡು ಘಟಕ ಎನ್ನುವುದು ಇಲ್ಲಿ ಹಳೆಯ ಪದ್ಧತಿ.

ರೋವರ್ ಹೇಳಿದ ಮಿಶ್ರ ತಂಡವನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಪೆಟ್ರೋಲ್ ಮುರಿಯದೆ, ಒಂದು ದಿನದ ಕೆಲಸಕ್ಕೆ ಮಾತ್ರ ತಂಡ ಕಟ್ಟಿ: ಊರಿನ ನಕ್ಷೆ ಬರೆಯುವುದು, ಜಾತ್ರೆಯಲ್ಲಿ ನೀರು ಕೊಡುವ ಸೇವೆ, ಪಲ್ಸ್ ಪೋಲಿಯೊ ದಿನದ ನೆರವು. ಕೊಪ್ಪಳದ ಗವಿಮಠದ ಜಾತ್ರೆಯಂಥ ಜನಜಂಗುಳಿಯಲ್ಲಿ ತಪ್ಪಿಸಿಕೊಂಡ ಮಗುವನ್ನೋ ಅಜ್ಜಿಯನ್ನೋ ಮಾತಾಡಿಸಲು ಹುಡುಗಿಯೊಬ್ಬಳು ತಂಡದಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ರಂಗೋಲಿ ಸಮಸ್ಯೆಗೆ ಮದ್ದು ಕೆಲಸದ ಪಟ್ಟಿ. ಐದು ಪೆಟ್ರೋಲ್, ಐದು ಕೆಲಸ (ಗೇಟು, ಅಡುಗೆ, ನೀರು, ಸ್ವಚ್ಛತೆ, ಅತಿಥಿ), ಪ್ರತಿ ಕಾರ್ಯಕ್ರಮಕ್ಕೆ ಒಂದು ಮನೆ ಮುಂದೆ ಸರಿಯುತ್ತದೆ. ಪಟ್ಟಿ ಗೋಡೆಯ ಮೇಲೆ ಇರಲಿ. ಮೇಲಿಂದ ಬಂದ ಸಾಹೇಬರು "ಹುಡುಗಿಯರು ಹೂ ಕೊಡಲಿ" ಅಂದರೆ ಪಟ್ಟಿ ತೋರಿಸಿ. ಆ ದಿನ ಹುಡುಗರ ಸರದಿ ಬಂದಿದ್ದರೆ ಹುಡುಗರೇ ಹೂ ಕೊಡಲಿ, ಯಾರ ಕೈಯಿಂದ ಇಸಿದುಕೊಂಡರೂ ಹೂ ಹೂವೇ.

---

ಗಂಗಾವತಿ_ಕ್ಯಾಂಪ್‌ಫೈರ್:

ಶಿಬಿರ ಮತ್ತು ಹೈಕ್ ಬಗ್ಗೆ ಯಾರೂ ಬರೆದಿಲ್ಲ, ಅಷ್ಟು ಸೇರಿಸ್ತೀನಿ.

ಕೂಡಿ ಶಿಬಿರ ಮಾಡಬಹುದು, ಮಹಿಳೆ ಇಲ್ಲದೆ ಮಾಡಬಾರದು. 35 ಮಕ್ಕಳಿಗೆ ಕನಿಷ್ಠ ನಾಲ್ವರು ದೊಡ್ಡವರು, ಅವರಲ್ಲಿ ಇಬ್ಬರು ಮಹಿಳೆಯರು. ಒಬ್ಬರೇ ಅಕ್ಕೋರು ಇದ್ದು ಅವರಿಗೆ ಜ್ವರ ಬಂದರೆ ರಾತ್ರಿ ಹುಡುಗಿಯರ ಕಡೆ ಯಾರೂ ಇರುವುದಿಲ್ಲ, ಅದಕ್ಕೇ ಇಬ್ಬರು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಬ್ಬಂಟಿಯಾಗಿ ಕೋಣೆಯಲ್ಲಿ, ಡೇರೆಯಲ್ಲಿ ಇರಬಾರದು. ಇದು ಹುಡುಗರ ಕಡೆಗೂ ಅಷ್ಟೇ ಅನ್ವಯ, ಅದನ್ನು ಮರೆಯುವವರೇ ಹೆಚ್ಚು. 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣು ಎರಡೂ ಮಕ್ಕಳಿಗೆ ಇದೆ. ದೂರು ಕಿವಿಗೆ ಬಿದ್ದರೆ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, "ಶಾಲೆ ಮಾನ ಹೋಗ್ತದೆ" ಅಂತ ಒಳಗೇ ಮುಗಿಸಿದರೆ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಮಕ್ಕಳ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಿ.

ಜಾಗ: ಮೊದಲ ಶಿಬಿರ ನಿಮ್ಮ ಶಾಲೆಯಲ್ಲೇ ಆಗಲಿ. ಹುಡುಗಿಯರು ಶೌಚಾಲಯಕ್ಕೆ ಹತ್ತಿರದ ಕೋಣೆಯಲ್ಲಿ, ಪಕ್ಕದ ಕೋಣೆ ಅಕ್ಕೋರಿಗೆ, ನಡುವೆ ಅಡುಗೆ ಮತ್ತು ಧ್ವಜದ ಅಂಗಳ, ಆಚೆ ಹುಡುಗರು. ಹುಡುಗರು ಬಯಲಿಗೆ ಹೋಗುವ ದಾರಿ ಹುಡುಗಿಯರ ಕೋಣೆ ಮುಂದೆ ಹಾದುಹೋಗದ ಹಾಗೆ ನೋಡಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಶೌಚಾಲಯದ ಬಲ್ಬ್ ಉರಿಯುತ್ತಾ, ಹಿಂದಿನ ದಿನವೇ ಕೈಯಿಂದ ಮುಟ್ಟಿ ನೋಡಿ. ಸರ್ಕಾರಿ ಶಾಲೆಯಲ್ಲಿ ಚಿಲಕ ಇರುವುದೇ ಅಪರೂಪ. ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ಎಂಟು ಸ್ಕ್ರೂ ಸಾಕು.

ಪರಿಹಾರ ಶಿಬಿರಗಳಿಗೆ ಜಗತ್ತು ಒಪ್ಪಿದ ಸ್ಪಿಯರ್ ಮಾನದಂಡ 20 ಜನಕ್ಕೊಂದು ಶೌಚಾಲಯ, ತಲೆಗೆ ದಿನಕ್ಕೆ 15 ಲೀಟರ್ ನೀರು. 39 ಜನಕ್ಕೆ ಅದು 585 ಲೀಟರ್. ನಮ್ಮ ಕಡೆಯ ಬಿಸಿಲಿಗೆ ತಲೆಗೆ 20 ಅಂತ ಹಿಡಿದು 780. ದಿನಕ್ಕೊಮ್ಮೆ ತುಂಬುವ 1000 ಲೀಟರಿನ ಸಿಂಟೆಕ್ಸ್ ಇದ್ದರೆ ನಿಶ್ಚಿಂತೆ. ಹುಡುಗಿಯರ ಸ್ನಾನದ ನೀರನ್ನು ಬೇರೆ ಡ್ರಮ್ಮಿಗೆ ಮೊದಲೇ ತುಂಬಿಸಿಡಿ, ಇಲ್ಲದಿದ್ದರೆ ಬೆಳಿಗ್ಗೆ ಹುಡುಗರು ಖಾಲಿ ಮಾಡಿರ್ತಾರೆ. ತಿಂಗಳು ನವೆಂಬರಿನಿಂದ ಜನವರಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಲ್ಲಿ ಮೂರು ದಿನದ ಶಿಬಿರ ಬೇಡವೇ ಬೇಡ. ಓಆರ್‌ಎಸ್ ಪುಡಿ ಮುಗಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಹೈಕ್ ಕೂಡಿಯೇ ಹೋಗಿ, ಪೆಟ್ರೋಲ್ ಪ್ರಕಾರ ನಡೆಯಿರಿ, ಮುಂದೊಬ್ಬರು ಹಿಂದೊಬ್ಬರು ದೊಡ್ಡವರು. ಆನೆಗುಂದಿ, ಅಂಜನಾದ್ರಿ ಕಡೆ ಬಂದರೆ ಬೆಳಕು ಹರಿದ ಮೇಲೆ ಹೊರಟು ಸಂಜೆ 5ರೊಳಗೆ ರಸ್ತೆಗೆ ಇಳಿದುಬಿಡಿ, ಆ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಟ ಇದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ಯಾರನ್ನೂ ಇಳಿಸಬೇಡಿ, ಕೈಕಾಲು ತೊಳೆಯಲಿಕ್ಕೂ. ಖರ್ಚಿನಲ್ಲೊಂದು ಸಣ್ಣ ಸಿಕ್ಕು: 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ. ಹುಡುಗರ ವಿದ್ಯಾರ್ಥಿ ಪಾಸು ಮನೆಯಿಂದ ಶಾಲೆಯ ದಾರಿಗೆ ಮಾತ್ರ. ಹುಡುಗರಿಂದ ಮಾತ್ರ ದುಡ್ಡು ಕೇಳಿದರೆ ಬಡ ಮನೆಯ ಹುಡುಗ ಸುಮ್ಮನೆ ಹಿಂದೆ ಸರಿಯುತ್ತಾನೆ. ಬಸ್ ಖರ್ಚನ್ನು ಗ್ರೂಪ್ ನಿಧಿಯಿಂದ ಹಾಕಿ.

ಫೋಟೊ: ವಾಟ್ಸಾಪ್ ಗುಂಪಿಗೆ ಹಾಕುವುದು ಒಬ್ಬರೇ, ದೂರದಿಂದ ತೆಗೆದ ಗುಂಪು ಚಿತ್ರ ಮಾತ್ರ.

---

ಕುಷ್ಟಗಿ_ಪಿಇಟಿ:

ಎಲ್ಲರಿಗೂ ಧನ್ಯವಾದ. ಒಬ್ಬ ಮೇಡಂ ಒಪ್ಪಿದ್ದಾರೆ. ಆದರೆ ಅವರಿಗೆ ಸಣ್ಣ ಮಗು ಇದೆ, 7 ದಿನ ವಸತಿ ತರಬೇತಿಗೆ ಈಗ ಆಗುವುದಿಲ್ಲ ಅಂತಾರೆ. ಅಲ್ಲಿಯವರೆಗೆ ಹುಡುಗಿಯರನ್ನು ಕಾಯಿಸಬೇಕಾ?

---

ರಾಯಚೂರು_ಕ್ಯಾಪ್ಟನ್:

ಕಾಯಿಸಬ್ಯಾಡ್ರಿ, ಕಾಯಿಸಿದ್ರ ಒಂದು ವರ್ಷ ಹೋತು. ಇಬ್ಬರು ಮೇಡಂ ಹೆಸರು ಕೊಡ್ರಿ. ಸಣ್ಣ ಕೂಸಿನವ್ರು ಬಿಗಿನರ್ಸ್ ಮುಗಿಸಿ ಶನಿವಾರದ ಸಭೆ ನೋಡ್ಕೊಳ್ಲಿ. ಇನ್ನೊಬ್ಬರು ದಸರಾ ರಜಾದಾಗೋ ಬ್ಯಾಸಿಗ್ಯಾಗೋ ಬೇಸಿಕ್‌ಗೆ ಹೋಗಲಿ, ಕೊಂಡಜ್ಜಿ ಇಲ್ಲಾ ದೊಡ್ಡಬಳ್ಳಾಪುರದಾಗ ನಡೀತಾವ. ಹೋಗೋಕಿಂತ ಮೊದಲು ಬಿಇಒ ಕಚೇರಿಯಿಂದ ಓಓಡಿ (ಕರ್ತವ್ಯದ ಮ್ಯಾಲೆ ಹೋಗ್ಯಾರ ಅನ್ನೋ) ಆದೇಶ ಕೈಯಾಗ ಇಟ್ಕೊಳ್ರಿ, ಬಂದ ಮ್ಯಾಲೆ ಕೇಳಿದ್ರ ರಜಾ ಕಡಿತಾರ. ಕಂಪನಿ ನೋಂದಣಿ ಬಗ್ಗೆ ಜಿಲ್ಲಾ ಸಂಸ್ಥೆಯ ಕಾರ್ಯದರ್ಶಿಗೆ ಈಗಲೇ ಪತ್ರ ಬರೀರಿ, 13 ಹೆಸರು, ಹುಟ್ಟಿದ ತಾರೀಖು ಹಚ್ಚಿ. ಪ್ರವೇಶದ ಪಾಠ ಅಷ್ಟೊತ್ತಿಗೆ ಸ್ಕೌಟ್ ಮಾಸ್ಟರ್ ಹೇಳಿಕೊಡಲಿ, ಮೇಡಂ ಅಲ್ಲೇ ಮೈದಾನದಾಗ ಇರಬೇಕು. ಲಾಗ್‌ಬುಕ್ಕಿಗೆ ಸಹಿ ಮಾತ್ರ ಮೇಡಂದು.